ಹಾದಿಯಲ್ಲಿರುವವನ ಹೆಜ್ಜೆ

ಮತ್ತೆ ಬಿಸಿಲಲ್ಲೇ ಕೂತಿದ್ದಾಳೆ, ಹುಣಸೆಮರದ ನೆರಳು ಅಲ್ಲೇ ನಾಲ್ಕು ಮಾರು ಆಚೆ ಬಿದ್ದಿದೆ, ಹೋಗಿ ಕೂರಬಾರದೆ, ಸೆರಗು ತಲೆಯ ಮೇಲೆ ಎಳೆದುಕೊಂಡು ಕರಿಕಂಬಳಿಯ ಮೇಲೆ ಹಾಗೇ ಇದ್ದಾಳೆ ನನ್ನ ಹೆಂಡತಿ ಕಾಟಮ್ಮ, ಈಗ ಮುಖ ಕಂಡಿತು, ಈಗ ಬೆನ್ನು, ಈಗ ಮೈಕಿನ ಕಂಬ, ಜಯಕ್ಕನ ಇಡ್ಲಿ ಅಂಗಡಿ, ಹುಣಸೆಮರ, ಮತ್ತೆ ಕಾಟಮ್ಮ — ಏಳು ದಿನದಿಂದ ನನ್ನ ಲೋಕ ಇಷ್ಟೇ, ಹೊಳಲ್ಕೆರೆಯ ಸಂತೆ ಮೈದಾನದಲ್ಲಿ ಸುಣ್ಣದಿಂದ ಎಳೆದ ಒಂದು ಸುತ್ತು, ಅದರ ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ನಾನು. ಇವತ್ತು ಸಂಜೆ ಐದಕ್ಕೆ ಏಳು ದಿನ ತುಂಬುತ್ತದೆ, ಅಲ್ಲಿಯವರೆಗೆ ಕಾಲು ನೆಲಕ್ಕೆ ತಾಗಬಾರದು, ಪಣ ಅಷ್ಟೇ. ಊಟ ಇದರ ಮೇಲೆ, ಸ್ನಾನ ಇದರ ಮೇಲೆ, ಉಳಿದದ್ದಕ್ಕೆ ಇಬ್ಬರು ಹಳೇ ಸೀರೆ ಅಡ್ಡ ಹಿಡಿದು ಜೊತೆಗೆ ಓಡುತ್ತಾರೆ, ನಾಚಿಕೆ ಎರಡನೆಯ ದಿನಕ್ಕೇ ಸುಸ್ತಾಗಿ ಬಿದ್ದುಹೋಯಿತು. ಸೊಂಟದ ಕೆಳಗೆ ಏನಿದೆ ಏನಿಲ್ಲ ಗೊತ್ತಾಗುವುದಿಲ್ಲ, ಮೊಣಕಾಲು ತಾನಾಗಿ ಏರುತ್ತದೆ ಇಳಿಯುತ್ತದೆ, ಬೇರೆ ಯಾರದೋ ಮೊಣಕಾಲು. ಮೈಕಿನಲ್ಲಿ ಯುವಕ ಸಂಘದ ಶಿವಕುಮಾರಪ್ಪ, ಬಂಧುಗಳೇ, ಐಮಂಗಲದ ಚಿತ್ತಯ್ಯನವರು ಇದೇ ವೇಗದಲ್ಲಿ ನೆಟ್ಟಗೆ ಹೋಗಿದ್ದರೆ ಇಷ್ಟೊತ್ತಿಗೆ ಬೊಂಬಾಯಿ ದಾಟಿರುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಾರೆ. ಕಾಟಮ್ಮ ತಟ್ಟುವುದಿಲ್ಲ, ಕಂಬಳಿಯ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿದ್ದಾಳೆ.

ನೆಟ್ಟಗೆ ಹೋಗಿದ್ದರೆ — ನೆಟ್ಟಗೆ ಹೋಗುವವರನ್ನು ನಾನು ಕಂಡಿದ್ದೇನೆ, ಎಪ್ಪತ್ನಾಲ್ಕರ ಚಳಿಗಾಲ, ಐಮಂಗಲದ ಹೆದ್ದಾರಿ ಬದಿಯ ನನ್ನ ಪಂಕ್ಚರ್ ಅಂಗಡಿ ಮುಂದೆ ಬಂದು ನಿಂತರು, ಬಿಸಿಲಿಗೆ ಕೆಂಪಗಾದ ಗಂಡ ಹೆಂಡತಿ, ಇಬ್ಬರಿಗೂ ಒಂದೊಂದು ಸೈಕಲ್ಲು, ಹಿಂದೆ ಗಂಟುಮೂಟೆ, ಫ್ರಾನ್ಸ್ ದೇಶದವರಂತೆ, ಶಾಲೆಯ ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿ ನಮಗೆ ಹೇಳಿದರು. ನಾನು ಟ್ಯೂಬನ್ನು ಬಕೆಟ್ಟಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದೆ, ಆ ಹೆಂಗಸು ಕಾಟಮ್ಮನಿಗೆ ಒಂದು ಫೋಟೊ ತೋರಿಸಿದಳು, ಸಾಲುಸಾಲು ಕುಳ್ಳ ದ್ರಾಕ್ಷಿ ಗಿಡ, ಗುಡ್ಡದ ಮೇಲೆ ಕಲ್ಲಿನ ಊರು, ಊರ ಮುಂದೆ ಸೈಕಲ್ ಹಿಡಿದ ಇವರಿಬ್ಬರು. ಅವರ ಕಡೆ ಹೀಗೇ ಹತ್ತು ದಿನ ಊರಿಂದ ಊರಿಗೆ ಸೈಕಲ್ ತುಳಿಯುತ್ತಾರಂತೆ, ಹಳೇ ಕೋಟೆ, ಹಳೇ ಗುಡಿ ನೋಡುತ್ತಾರಂತೆ, ಆ ಊರಿನ ದ್ರಾಕ್ಷಿ ಹೆಂಡ ಕುಡಿದು ಮಲಗಿ ಬೆಳಗಾದ ಮೇಲೆ ಮುಂದಿನ ಊರಿಗಂತೆ. ಕಾಟಮ್ಮ ಫೋಟೊ ಬಿಡದೆ ಕೇಳಿದಳು, ಯಾರದೂ ಮದುವಿ ಇಲ್ವಾ ಮೇಷ್ಟ್ರೇ, ಸಾವು ಇಲ್ವಾ, ಸುಮ್ನೆ ಹೋಗ್ತಾರಾ. ಸುಮ್ನೆ ಹೋಗ್ತಾರಂತೆ ಕಣಮ್ಮ. ಆಮೇಲೆ ತಿಂಗಳುಗಟ್ಟಲೆ ಅದೇ ಮಾತು, ಸುಮ್ನೆ, ರೊಟ್ಟಿ ತಟ್ಟುವಾಗ ನಗುವಳು, ಸುಮ್ನೆ ಹೋಗ್ತಾರಂತೆ. ನಾವೂ ಒಂದ್ಸಲ ಹೋಗಾಣ ಮಾವ. ನನ್ನ ಸ್ವಂತ ಅಕ್ಕನ ಮಗಳು, ಮಾತು ಬಂದಾಗಿನಿಂದ ಮಾವ ಎಂದವಳು, ಮದುವೆಯಾದ ಮೇಲೂ ಮಾವನೇ. ಎಲ್ಲಿಗೆ ಹೋಗುವುದು ಎಂದರೆ ಬೆರಳು ಮಡಚಿ ಹೇಳಿದಳು, ಹಿರಿಯೂರಿಗೆ ಹೋಗಿ ಅಲ್ಲಿ ದ್ರಾಕ್ಷಿ ತೋಟ ಹಾಕವ್ರಂತೆ ನೋಡದು, ಮಾರಿಕಣಿವೆ ಡ್ಯಾಮಿನ ನೀರು ನೋಡದು, ಹೊಸದುರ್ಗ, ಹೊಳಲ್ಕೆರೆ, ಆಮೇಲೆ ದುರ್ಗದ ಕೋಟೆ ಹತ್ತಿ ಇಳಿದು ಮನಿಗೆ ಬರದು, ನಡುವೆ ಎಲ್ಲಾದ್ರೂ ಈಚಲುವನ ಸಿಕ್ರೆ ನೀನು ಒಂದು ಮಡಿಕೆ ಹೆಂಡ ಕುಡಿಯುವಂತೆ, ನಾನು ಬ್ಯಾಡ ಅನ್ನಲ್ಲ.

ಎಷ್ಟು ಸಲೀಸಾಗಿ ಹೇಳಿದಳು, ಆ ಊರುಗಳನ್ನೆಲ್ಲ ನಾನು ಸೈಕಲ್ಲಿನಲ್ಲೇ ನೋಡಿದ್ದೇನೆ ಎಂದು ಜಂಬ ಕೊಚ್ಚಿದ್ದೆ ಅವಳ ಮುಂದೆ, ತುರುವನೂರಿನಲ್ಲಿ ಮೂರು ದಿನ ತುಳಿದೆ, ಹಿರಿಯೂರಿನಲ್ಲಿ ಐದು, ಹೊಸದುರ್ಗದಲ್ಲಿ ಐದು, ಪೇಪರಿನಲ್ಲೂ ಒಂದು ಮೂಲೆಯಲ್ಲಿ ಬಂದಿತ್ತು — ಏನು ನೋಡಿದೆ, ಒಂದು ಕಂಬ, ಒಂದು ಮೈಕು, ಒಂದು ಸುಣ್ಣದ ಸುತ್ತು, ಹಿರಿಯೂರಿನಲ್ಲಿ ಹೊಳೆ ಯಾವ ಕಡೆ ಇದೆ ಎಂದರೆ ಹೇಳಲಾರೆ. ನಾಲ್ಕು ತಾಲ್ಲೂಕು ತಿರುಗಿ ನಾನು ಎಲ್ಲಿಗೂ ಹೋಗಿಲ್ಲ. ಸಾಕಾಗಿದೆ, ಅಮ್ಮಾ ಸಾಕಾಗಿದೆ. ಅದಕ್ಕೇ ಇದೊಂದು ಕೊನೆಯದು ಎಂದೆ ಅವಳಿಗೆ, ಏಳು ದಿನ ಇಳಿಯದೆ ತುಳಿದರೆ ಸಂಘದವರು ಹೊಸ ಸೈಕಲ್ ಕೊಡುತ್ತಾರೆ, ಆಗ ನಮ್ಮಲ್ಲಿ ಎರಡಾಯಿತು, ನೀನೂ ಕಲಿ, ಹೋಗಾಣ. ಬಾರ್ ಇಲ್ಲದ ಲೇಡೀಸ್ ಸೈಕಲ್ಲೇ ಕೊಡ್ರಿ ಎಂದಾಗ ಶಿವಕುಮಾರಪ್ಪ ನಕ್ಕಿದ್ದ, ಆದರೂ ತರಿಸಿದ್ದಾನೆ, ಅಗೋ ಕಂಬಕ್ಕೆ ಆತು ನಿಂತಿದೆ, ಹ್ಯಾಂಡಲ್ಲಿಗೆ ಸುತ್ತಿದ ಕಾಗದ ಇನ್ನೂ ಬಿಚ್ಚಿಲ್ಲ, ಹಸಿರು ಬಣ್ಣ, ಬೆಲ್ಲು ಪಳಪಳ. ಪ್ರತಿ ಸುತ್ತಿಗೂ ಅದನ್ನು ನೋಡುತ್ತೇನೆ, ನೋಡಿ ಕಣ್ಣು ತಪ್ಪಿಸುತ್ತೇನೆ, ಯಾಕೆಂದರೆ ಆ ಸೈಕಲ್ಲು ನನ್ನದಲ್ಲ.

ಮೂರನೆಯ ದಿನ ನಸುಕಿನಲ್ಲೇ ಅದು ಕೈತಪ್ಪಿತು. ಹೊತ್ತು ಮೂಡುವ ಮುಂಚೆ ಕಾಟಮ್ಮ ನನ್ನ ಹೆಗಲು ಹಿಡಿದು ಜೊತೆಯಲ್ಲಿ ನಡೆಯುತ್ತಾಳೆ, ನಾನು ತುಳಿಯುತ್ತಲೇ ಒಂದು ಜೊಂಪು ತೆಗೆಯುತ್ತೇನೆ, ಅವತ್ತು ಅವಳು ಬಾವಿಗೆ ಹೋಗಿದ್ದಳು, ಕಾವಲಿನ ಇಬ್ಬರು ಸಂಘದವರು ಕಂಬದ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದರು, ನನಗೆ ಏನೋ ಕನಸು, ಕನಸಿನಲ್ಲಿ ರಸ್ತೆ ನೆಟ್ಟಗೆ ಇತ್ತು, ಎರಡೂ ಕಡೆ ಕುಳ್ಳ ದ್ರಾಕ್ಷಿ ಗಿಡ, ಹ್ಯಾಂಡಲ್ ತಿರುಗಿಸುವ ಅಗತ್ಯವೇ ಇರಲಿಲ್ಲ, ಸೈಕಲ್ ವಾಲಿತು, ಎಡಗಾಲು ಊರಿತು. ಒಂದೇ ಗಳಿಗೆ. ಹಿಂದಿನ ಸಂಜೆ ಧೂಳು ಏಳದಿರಲಿ ಎಂದು ನೀರು ಚಿಮುಕಿಸಿದ್ದ ನೆಲ, ತಣ್ಣಗಿತ್ತು, ಆಹಾ ಎಷ್ಟು ತಣ್ಣಗಿತ್ತು, ಕಾಲೆತ್ತಿ ಮತ್ತೆ ತುಳಿದೆ, ಕಾವಲಿನವರು ಮಗ್ಗುಲು ಬದಲಿಸಿದರು, ಅಷ್ಟೇ. ಬೆಳಕು ಹರಿದಾಗ ಹೆದರುತ್ತ ಹುಡುಕಿದೆ, ನನ್ನ ಎಡಗಾಲಿಗೆ ನಾಲ್ಕೇ ಬೆರಳು, ಕಿರುಬೆರಳನ್ನು ಚಿಕ್ಕಂದಿನಲ್ಲಿ ಗಾಡಿಚಕ್ರ ತಿಂದಿತು, ಆ ಹೆಜ್ಜೆ ಕಂಡರೆ ಯಾರದೆಂದು ಯಾರೂ ಕೇಳಬೇಕಾಗಿಲ್ಲ, ಆದರೆ ಎಲ್ಲೂ ಕಾಣಲಿಲ್ಲ. ಮೂಡಿಲ್ಲ ಎಂದುಕೊಂಡೆ. ಸಮಾಧಾನ ಮಾಡಿಕೊಂಡೆ. ಅವತ್ತಿನಿಂದ ಕಾಟಮ್ಮ ನೆರಳು ಬಿಟ್ಟು ಸುತ್ತಿನ ಒಳಗೆ ಬಂದು ಕೂತಳು, ಗಂಡನ ಹತ್ತಿರ ಇರಬೇಕು ಅಂತಾಳೆ ಪಾಪ ಎಂದು ಹೆಂಗಸರು ಕಣ್ಣೊರೆಸಿಕೊಂಡರು, ಜಯಕ್ಕ ಕೊಡೆ ತಂದು ಕೊಟ್ಟಳು, ಗಳಿಗೆ ಮಟ್ಟಿಗೆ ಎದ್ದು ಹೋಗುವಾಗಲೂ ಕಂಬಳಿ ಅಲ್ಲೇ ಬಿಟ್ಟು ಅದರ ಮೇಲೆ ನೀರಿನ ಬಿಂದಿಗೆ ಇಟ್ಟು ಹೋಗುತ್ತಾಳೆ, ನಾನು, ನನ್ನಂಥ ದಡ್ಡ, ನಾಲ್ಕು ದಿನ ಅವಳ ಮೇಲೆ ರೇಗುತ್ತಲೇ ಬಂದೆ.

ಇವತ್ತು ಮಧ್ಯಾಹ್ನ ಜನ ಊಟಕ್ಕೆ ಹೋದಾಗಲೂ ರೇಗಿದೆ, ಮುಖ ಸುಟ್ಟು ತುಟಿ ಒಡೆದಿದೆ ಅವಳದು, ನೋಡಲಾಗಲಿಲ್ಲ, ಏಳೇ, ನೆರಳಿಗೆ ಹೋಗೇ ಎಂದೆ, ಒಂದು ಸುತ್ತು ಬಂದೆ, ನಿನಗೇನು ಹುಚ್ಚಾ ಎಂದೆ, ಇನ್ನೊಂದು ಸುತ್ತು, ಆಗ ತಲೆ ಎತ್ತದೆ ಹೇಳಿದಳು, ನಾನು ಎದ್ರೆ ಯಾರಾದ್ರೂ ಕಂಬಳಿ ಸರಿಸ್ತಾರೆ, ಕಾಣ್ತೈತೆ ಮಾವ. ನನ್ನ ಕಾಲು ತಪ್ಪಿತು ಪೆಡಲಿನ ಮೇಲೆ. ಒಂದು ಸುತ್ತು ಪೂರ್ತಿ ತುಳಿದೆ, ಕಂಬ, ಹಸಿರು ಸೈಕಲ್ಲು, ಇಡ್ಲಿ ಅಂಗಡಿ, ಹುಣಸೆಮರ — ಬಿಂದಿಗೆ ಹೊತ್ತು ಬರುವಾಗ ನೋಡಿದ್ದಾಳೆ, ನಾಲ್ಕು ದಿನ ನುಂಗಿಕೊಂಡು ಕೂತಿದ್ದಾಳೆ, ನನ್ನ ಸುಳ್ಳಿನ ಮೇಲೆ ಕೂತು ಬೇಯುತ್ತಿದ್ದಾಳೆ. ಉಜ್ಜಿ ಹಾಕೇ, ಎಂದೆ ಮೆಲ್ಲಗೆ, ಯಾರೂ ಇಲ್ಲ ಈಗ, ಒಂದು ಚೊಂಬು ನೀರು ಹಾಕಿ ಉಜ್ಜಿ ಹಾಕು. ಅವಳು ನನ್ನನ್ನೇ ನೋಡಿದಳು, ಹಾದಿಯಾಗಿರೋರ ಹೆಜ್ಜಿ ಯಾರಾದ್ರೂ ಅಳಿಸ್ತಾರಾ. ಹೌದು, ನಮ್ಮಲ್ಲಿ ಅಳಿಸುವುದಿಲ್ಲ, ಮನೆಯವರು ಊರಿಗೆ ಹೊರಟರೆ ಬೆನ್ನ ಹಿಂದೆಯೇ ಕಸ ಗುಡಿಸುವುದಿಲ್ಲ, ಹೆಜ್ಜೆ ಅಳಿಸಿದರೆ ಹೋದವರು ತಿರುಗಿ ಬರುವುದಿಲ್ಲ ಎನ್ನುತ್ತಾರೆ, ನನ್ನ ಅವ್ವನೂ ಕುರಿ ಹೊಡೆದುಕೊಂಡು ಹೋದ ಅಪ್ಪನ ಹೆಜ್ಜೆಯನ್ನು ಸಂಜೆತನಕ ಹಾಗೇ ಬಿಡುತ್ತಿದ್ದಳು. ನಾನು ಎಲ್ಲಿಗೂ ಹೋಗಿಲ್ಲವಲ್ಲೇ ಎನ್ನಬೇಕೆಂದುಕೊಂಡೆ, ಇಲ್ಲೇ ನಿನ್ನ ಕಣ್ಣೆದುರು ಸುತ್ತುತ್ತಿದ್ದೇನಲ್ಲೇ — ಆದರೆ ಅವಳ ಲೆಕ್ಕದಲ್ಲಿ ನಾನು ಏಳು ದಿನದಿಂದ ಹಾದಿಯಲ್ಲಿದ್ದೇನೆ, ಇಳಿಯುವವರೆಗೂ ಹಾದಿಯಲ್ಲೇ. ಅಳು ಬಂತು, ಅಳುವುದಕ್ಕೂ ತ್ರಾಣವಿಲ್ಲ.

ಐದಾಯಿತು. ಮೈದಾನ ತುಂಬಿದೆ, ಡೊಳ್ಳು, ಧೂಳು, ಶಿವಕುಮಾರಪ್ಪ ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಾನೆ, ಹಾರ ಬಂದಿದೆ, ಹಸಿರು ಸೈಕಲ್ಲಿಗೆ ಕುಂಕುಮ ಹಚ್ಚಿದ್ದಾರೆ, ಜಯಕ್ಕ ಆರತಿ ತಟ್ಟೆ ಹಿಡಿದು ಬಂದಳು, ಏಳ್ರಿ ಕಾಟಮ್ಮ, ಗಂಡನಿಗೆ ನೀವೇ ಬೆಳಗ್ರಿ. ಕಾಟಮ್ಮ ಏಳಲಿಲ್ಲ. ಕಾಲು ಜೋಮು ಹಿಡಿದೈತೆ ಎಂದಳೇನೋ, ಜನ ನಕ್ಕರು. ಸಾಕು ಇಳಿಯಪ್ಪ ಚಿತ್ತಯ್ಯ, ಗೆದ್ದೆ. ನಾನು ಇಳಿದರೆ ಅವಳು ಏಳಬೇಕು, ಅವಳು ಕಂಬಳಿ ಎತ್ತಿಕೊಂಡು ಎದ್ದರೆ ಅದು ಕಾಣಬೇಕು, ಹೇಳಿಬಿಡಲೇ, ಬಾಯಿ ಬಿಟ್ಟು ಕಾಲು ತಾಗಿತ್ತು ಕಣ್ರೀ ಎಂದುಬಿಡಲೇ, ಹೇಳಿದರೆ ಬಿಸಿಲಲ್ಲಿ ಬೆಂದ ನಾಲ್ಕು ದಿನ ಅವಳಿಗೆ ಯಾರು ತಿರುಗಿ ಕೊಡುತ್ತಾರೆ, ಹೇಳದಿದ್ದರೆ ಆ ಹಸಿರು ಸೈಕಲ್ಲಿನ ಮೇಲೆ ಅವಳನ್ನು ಯಾವ ಮುಖದಿಂದ ಹತ್ತಿಸಲಿ, ಇನ್ನೊಂದು ಸುತ್ತು ತಡೆಯಿರಿ, ಇನ್ನೊಂದೇ ಸುತ್ತು. ಇಳಿಯಪ್ಪ, ಇವನಿಗೆ ಏನಾಯ್ತು ಹಿಡ್ಕಳ್ರೋ, ಶಿವಕುಮಾರಪ್ಪ ಹಾರ ಹಿಡಿದು ಹಿಂದೆ ಓಡಿ ಬರುತ್ತಿದ್ದಾನೆ, ಕಂಬ, ಸೈಕಲ್ಲು, ಅಂಗಡಿ, ಮರ, ಡೊಳ್ಳು ನಿಂತಿತು, ಕಾಟಮ್ಮ ಎರಡೂ ಅಂಗೈ ನೆಲಕ್ಕೆ ಊರಿ ನನ್ನನ್ನೇ ನೋಡುತ್ತಿದ್ದಾಳೆ, ಅವಳ ಕೆಳಗೆ ಕಂಬಳಿ, ಕಂಬಳಿಯ ಕೆಳಗೆ ಒಣಗಿ ಇಟ್ಟಿಗೆಯಾದ ನಾಲ್ಕು ಬೆರಳು — ಕಂಬ, ಸೈಕಲ್ಲು, ಕಾಟಮ್ಮ, ನಾಲ್ಕು ಬೆರಳು — ಕಾಟಮ್ಮ, ನಾಲ್ಕು ಬೆರಳು — ನಾಲ್ಕು ಬೆರಳು