ಔರಾದದ ಇಲಾಜು

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿದ್ದ ಅಂಬೂಬಾಯಿಗೆ ಮನುಷ್ಯರ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸಿ, ಒಬ್ಬಳೇ ಮಗಳನ್ನು ಓದಿಸಿ, ಈ ನಡುವೆ ಬೇಕಾದಷ್ಟು ಜನರನ್ನು ನೋಡಿ ಮುಗಿಸಿದ್ದಳು. ಅಂಗಡಿಯ ಸೀರೆಯನ್ನೆಲ್ಲ ಬಿಚ್ಚಿಸಿ ‘ನಾಳಿ ಬರ್ತೇವಿ’ ಎಂದು ಏಳುವ ಸಾಹುಕಾರರ ಹೆಂಡಿರು, ಚಂದಾ ಕೇಳಲು ಬಂದು ದೇವರ ಹೆಸರಲ್ಲಿ ಹೆದರಿಸುವ ಮಂಡಳಿಯ ಹುಡುಗರು, ಎಲ್ಲರೂ ಅವಳಿಗೆ ಒಂದೇ. ಅವರಲ್ಲೆಲ್ಲ ಹಿರಿಯ ಸ್ಥಾನ ಗಂಡನ ಅಣ್ಣ ಭಾಲಚಂದ್ರನದು. ತಮ್ಮನ ದಿನಕರ್ಮಕ್ಕೆ ಬಂದು ಹೊಟ್ಟೆತುಂಬ ಉಂಡು ಹೋದವನು, ಆಮೇಲೆ ಮನೆತನದ ಮಾನ ಎಂಬ ಮಾತು ಬಂದಾಗ ಮಾತ್ರ ಬಾಗಿಲಿಗೆ ಬರುತ್ತಿದ್ದ.

ಅಂಥವನ ಮಾತನ್ನು ಅವಳು ಒಮ್ಮೆ ಕೇಳಿದಳು.

ಮಗಳು ಪೂನಮ ಬೀದರದ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲಿನ ಚಿದ್ರಿ ಬಡಾವಣೆಯಲ್ಲಿ ಶರ್ವರಿ ಎಂಬ ಗೆಳತಿಯ ಜೊತೆ ಬಾಡಿಗೆ ಮನೆ ಹಿಡಿದಿದ್ದಳು. ಭಾವ ಒಂದು ಸಂಬಂಧ ತಂದ ದಿನ, ಪೂನಮ ತಾಯಿಯನ್ನು ಅಡುಗೆ ಮನೆಗೆ ಕರೆದು ಹೇಳಿದಳು: “ಆಯಿ, ಶರ್ವರಿ ಬರೇ ಗೆಳತಿ ಅಲ್ಲ. ಜನ್ಮಪೂರ್ತಿ ಆಕಿ ಜೋಡಿನೇ ಇರ್ತೇನಿ. ಮದುವಿ ಮಾತು ಬಿಟ್ಟುಬಿಡು.”

ಅಂಬೂಬಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೆದರಿಕೆಯಾಯಿತು. ಎಂದೂ ಯಾರಿಗೂ ಹೆದರದವಳಿಗೆ ಹೆದರುವುದು ಹೇಗೆಂದೇ ಗೊತ್ತಿರಲಿಲ್ಲ; ಹೋಗಿ ಹೋಗಿ ಭಾವನ ಮುಂದೆ ಬಾಯಿ ಬಿಟ್ಟಳು. ಅವನು ಕೂತಲ್ಲೇ ತೀರ್ಪು ಕೊಟ್ಟ. ಔರಾದದಲ್ಲಿ ಮಂಗೇಶ ಎಂಬ ಡಾಕ್ಟರ ಇದ್ದಾನೆ, ಇಂಥವರಿಗೆ ಇಲಾಜು ಮಾಡಿ ಸರಿಪಡಿಸುವುದರಲ್ಲಿ ಅವನ ಕೈ ಎತ್ತಿದ ಕೈ.

ಪೂನಮ ಜಗಳವಾಡಲಿಲ್ಲ. “ಒಂದೇ ಸಲ ಬರ್ತೇನಿ. ಆಮ್ಯಾಲೆ ಈ ಮಾತು ಎತ್ತಂಗಿಲ್ಲ” ಎಂದಳು. ಭಾಲ್ಕಿಯಿಂದ ಔರಾದಕ್ಕೆ ಹೋಗುವ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತರು.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಮೇಲೆ ‘ಮನಃಪರಿವರ್ತನ ಕೇಂದ್ರ’ ಎಂಬ ಬೋರ್ಡು. ಮಂಗೇಶನ ಹೆಸರಿನ ಹಿಂದೆ ಡಾಕ್ಟರ್ ಎಂದು ದಪ್ಪಕ್ಷರದಲ್ಲಿತ್ತು. ಯಾವ ಡಾಕ್ಟರ, ಎಲ್ಲಿ ಕಲಿತ ಎಂಬುದು ಎಲ್ಲೂ ಇರಲಿಲ್ಲ. ಹೊರಗಿನ ಕೋಣೆಯ ಗೋಡೆಯ ತುಂಬ ಪಟಗಳು. ವಿಠೋಬ ಇದ್ದ, ಕಾಬಾ ಇತ್ತು, ಇಷ್ಟಲಿಂಗ ಹಿಡಿದ ಅಂಗೈ ಇತ್ತು, ಶಿಲುಬೆಯೂ ಇತ್ತು. ಒಳಗೆ ಬಂದ ಗಿರಾಕಿಗೆ ಮೊದಲು ತನ್ನ ದೇವರು ಕಾಣಬೇಕು. ಅಂಗಡಿ ನಡೆಸುವವಳಿಗೆ ಆ ಜಾಣತನ ತಿಳಿಯಲು ಹೊತ್ತು ಬೇಕಾಗಲಿಲ್ಲ.

ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಬುರ್ಖಾ ಹಾಕಿದ್ದವಳು ಬೀದರದ ಖುರ್ಷಿದ ಬೇಗಂ. ಗಂಡ ಮಕ್ಬೂಲ ಗಾಂಧಿ ಗಂಜದ ಪೇಟೆಯಲ್ಲಿ ಬೇಳೆ ವ್ಯಾಪಾರಿ. ಪದವಿ ಮುಗಿಸಿದ ಮಗ ಖಾಲಿದನನ್ನು ಆಗಲೇ ಒಳಗೆ ಕರೆದೊಯ್ದಿದ್ದರು. ಹಣೆಯ ತುಂಬ ವಿಭೂತಿ ಹಚ್ಚಿದ್ದವಳು ಗುಂಡಮ್ಮ, ಹತ್ತಿರದ ಹಳ್ಳಿಯ ಒಕ್ಕಲಗಿತ್ತಿ. ಅವಳ ಪಕ್ಕದಲ್ಲಿ ಮಗ ಸಂತೋಷಕುಮಾರ ನೆಲ ನೋಡುತ್ತ ಕೂತಿದ್ದ.

“ಎರಡನೇ ಸಲ ಬರ್ಲಿಕತ್ತೇವ್ರಿ” ಎಂದಳು ಗುಂಡಮ್ಮ, ಯಾರೂ ಕೇಳದಿದ್ದರೂ. “ಹೋದ ಸಲ ಮೆಣಸಿನಕಾಯಿ ಹೊಗಿ ಹಾಕಿದ್ರು. ಹುಡುಗ ಊಟ ಬಿಟ್ಟುಬಿಟ್ಟಿದ್ದ.”

“ಮತ್ತ ಯಾಕ ಕರ್ಕೊಂಡು ಬಂದಿರಿ?” ಎಂದು ಕೇಳಿದಳು ಅಂಬೂಬಾಯಿ.

“ನಮ್ಮ ಮನಿಯವ್ರು ಅಂದ್ರು, ಒಂದು ಸಲಕ್ಕ ಹೋಗಂಗಿಲ್ಲ ಅಂತ.”

ಎಂಥ ತಾಯಂದಿರಪ್ಪಾ ಇವರು, ಎಂದುಕೊಂಡಳು ಅಂಬೂಬಾಯಿ. ಗಂಡ ಹೇಳಿದನೆಂದು ಹೆತ್ತ ಮಗನಿಗೆ ಹೊಗೆ ಹಾಕಿಸುವವಳು ಒಬ್ಬಳು, ಮಗನನ್ನು ಒಳಗೆ ಕಳಿಸಿ ತಸಬಿಯ ಜಪಮಣಿ ಎಣಿಸುತ್ತ ಕೂತವಳು ಇನ್ನೊಬ್ಬಳು. ತುಟಿ ಓರೆ ಮಾಡಿ ಮುಖ ತಿರುವಿದಳು. ತಿರುವಿದ ಕಡೆ ಪೂನಮ ಕೂತಿದ್ದಳು. ಅದೇ ಬೆಂಚು, ಅದೇ ಸರತಿ. ಅಂಬೂಬಾಯಿಯ ತುಟಿ ತಾನೇ ನೆಟ್ಟಗಾಯಿತು.

ಆಗ ಒಳಗಿನಿಂದ ಬೆತ್ತದ ಸಪ್ಪಳ ಬಂತು. ಅದರ ಹಿಂದೆಯೇ ಗಂಟಲು ಕಿತ್ತುಬರುವಂಥ ಕೆಮ್ಮು, ಸುಟ್ಟ ಮೆಣಸಿನಕಾಯಿಯ ಘಾಟು. ಖುರ್ಷಿದ ಬೇಗಂ ಎದ್ದಳು. ಮತ್ತೆ ಕೂತಳು.

“ಆಪಾ, ಅದು ನಿಮ್ಮ ಮಗನ ದನಿ ಅಲ್ಲೇನು?” ಎಂದಳು ಅಂಬೂಬಾಯಿ.

“ಹೌದ್ರಿ. ಡಾಕ್ಟರ್ ಸಾಹೇಬ್ರು ಒಳಗ ಬರಬ್ಯಾಡ ಅಂದಾರ.”

“ಅಂವ ಯಾರು ನಿಮಗ ಬ್ಯಾಡ ಅನ್ನಾಂವ?”

ಖುರ್ಷಿದ ಬೇಗಂ ಉತ್ತರ ಕೊಡುವ ಮೊದಲೇ ಗುಂಡಮ್ಮ ಎದ್ದು ಬಾಗಿಲ ಹತ್ತಿರ ಹೋಗಿದ್ದಳು. ಮೂಟೆ ಹೊತ್ತು ಪಳಗಿದ ಹೆಗಲನ್ನು ಒಮ್ಮೆ ಕೊಟ್ಟಳು. ಅಗಳಿ ಕಿತ್ತು ಬಂತು.

ಖಾಲಿದನ ಕೈಗಳನ್ನು ಕುರ್ಚಿಗೆ ಕಟ್ಟಿದ್ದರು. ಮುಖದ ಕೆಳಗೆ ಕೆಂಡದ ಬೋಗುಣಿ. ಕಣ್ಣು ಊದಿ ಮುಚ್ಚಿಹೋಗಿತ್ತು. ಬೆತ್ತ ಹಿಡಿದು ನಿಂತ ಮಂಗೇಶನ ಮೂಗಿಗೆ ಮಾತ್ರ ಒದ್ದೆ ಬಟ್ಟೆ ಕಟ್ಟಿತ್ತು. ತನ್ನ ಔಷಧ ತನಗೆ ತಾಗಬಾರದಲ್ಲ.

“ಇಲಾಜ್ ನಡದದ, ಹೊರಗ ಹೋಗ್ರಿ!” ಎಂದು ಕೂಗಿದ.

ಅಂಬೂಬಾಯಿ ಮೂಲೆಯಲ್ಲಿದ್ದ ನೀರಿನ ಬಕೆಟ್ಟು ಎತ್ತಿ ಕೆಂಡದ ಮೇಲೆ ಸುರಿದಳು. ಉಳಿದದ್ದನ್ನು ಅವನ ಮೇಲೆ ಚೆಲ್ಲಿದಳು. ಪೂನಮ ಹಗ್ಗ ಬಿಚ್ಚಿ ಖಾಲಿದನನ್ನು ನಳದ ಹತ್ತಿರ ಕೂರಿಸಿ ಕಣ್ಣು ತೊಳೆಯತೊಡಗಿದಳು. ಖುರ್ಷಿದ ಬೇಗಂ ಮಗನ ಬೆನ್ನು ಸವರುತ್ತ “ಮಾಫ್ ಕರ್ ಬೇಟಾ, ಮಾಫ್ ಕರ್” ಎನ್ನುತ್ತಿದ್ದಳು. ಇನ್ನೊಂದು ಕಡೆಯಿಂದ ಅವನ ತಲೆ ಹಿಡಿದವನು ಸಂತೋಷಕುಮಾರ. ಬಂದಾಗಿನಿಂದ ಅವನು ನೆಲ ಬಿಟ್ಟು ಬೇರೆ ಏನನ್ನಾದರೂ ನೋಡಿದ್ದು ಆಗಲೇ.

“ಇದು ರೋಗ ಅದ ಬಾಯಿ, ನಿಮಗ ತಿಳಿಯಂಗಿಲ್ಲ” ಎಂದ ಮಂಗೇಶ, ಅಂಗಿ ಹಿಂಡಿಕೊಳ್ಳುತ್ತ.

“ರೋಗ ಅಲ್ಲ. ನರ್ಸಿಂಗ್ ಕಲಿಯೋ ಹುಡುಗೀರಿಗೂ ಇದು ಗೊತ್ತದ” ಎಂದಳು ಪೂನಮ, ತಿರುಗಿಯೂ ನೋಡದೆ. “ನಿಮಗ ಗೊತ್ತಿಲ್ಲ ಅಂದ್ರ ನೀವು ಎಂಥ ಡಾಕ್ಟರ್ರೋ ದೇವರಿಗೇ ಗೊತ್ತು.”

ಮಂಗೇಶ ಫೋನು ಹಚ್ಚಿ ಗಲ್ಲಿಯ ಹಿರಿಯರನ್ನು ಕರೆಸಿದ. ಮೂವರು ಬಂದರು. ಒಬ್ಬನ ಹಣೆಯಲ್ಲಿ ಉದ್ದನೆಯ ಕುಂಕುಮ, ಒಬ್ಬನ ತಲೆಯ ಮೇಲೆ ಟೋಪಿ, ಒಬ್ಬನ ಕೊರಳಲ್ಲಿ ಹೆಬ್ಬೆರಳು ಗಾತ್ರದ ರುದ್ರಾಕ್ಷಿ. ಹಬ್ಬ ಬಂತೆಂದರೆ ಮೆರವಣಿಗೆ ಯಾವ ಗಲ್ಲಿಯಿಂದ ಹೋಗಬೇಕೆಂದು ಒಬ್ಬರ ಕುತ್ತಿಗೆ ಒಬ್ಬರು ಹಿಡಿಯುವ ಮಂದಿ. ಅಂದು ಮಾತ್ರ ಒಂದೇ ತಾಯಿಯ ಮಕ್ಕಳಂತೆ ಬೆಂಚಿನ ಮೇಲೆ ಸಾಲಾಗಿ ಕೂತರು. ಇಷ್ಟು ಒಗ್ಗಟ್ಟನ್ನು ಇವರು ಯಾವುದಕ್ಕೆ ಉಳಿಸಿಟ್ಟಿದ್ದರು ನೋಡು, ಎಂದು ಅಂಬೂಬಾಯಿಗೆ ನಗು ಬಂತು. ತಡೆದುಕೊಳ್ಳಲೂ ಇಲ್ಲ, ನಕ್ಕಳು.

“ಬೆಹನ್, ಮಾತು ಹೊರಗ ಹೋಗಬಾರದು” ಎಂದ ಟೋಪಿಯವನು. “ನಮ್ಮ ಮಜಹಬದಾಗ ಇದು ಗುನಾ ಅದ, ಪಾಪ ಅದ.”

ಖುರ್ಷಿದ ಬೇಗಂ ಮುಖದ ಪರದೆ ಮೇಲೆತ್ತಿದಳು. “ನನ್ನ ಮಗ ಏನದಾನೋ ಅದಕ್ಕ ಅಲ್ಲಾಹನ ಮುಂದ ಜವಾಬು ಅಂವ ಕೊಡ್ತಾನ. ನೀವು ಯಾಕ ನಡಬರಕ ನಿಂತೀರಿ? ಕಟ್ಟಿ ಹಾಕಿ ಕಣ್ಣಿಗೆ ಖಾರ ಹೊಡೀರಿ ಅಂತ ಯಾವ ಕಿತಾಬ್‌ದಾಗ ಬರದದ? ತೋರಸ್ರಿ, ಇಲ್ಲೇ ಕೂತು ಓದ್ತೇನಿ.”

ರುದ್ರಾಕ್ಷಿಯವನು ಗುಂಡಮ್ಮನ ಕಡೆ ತಿರುಗಿ, “ನೀ ಶರಣರ ಮನಿ ಹೆಣ್ಣುಮಗಳವ್ವಾ, ಇವ್ರ ಜೋಡಿ ಸೇರಿ…” ಎಂದು ಶುರುಮಾಡಿದ.

“ಆ ಹೆಸರು ನಿನ್ನ ಬಾಯಾಗ ತರಬ್ಯಾಡ” ಎಂದಳು ಗುಂಡಮ್ಮ. ದನಿ ಏರಿಸಲಿಲ್ಲ. “ನನ್ನ ಮಗನ ಎದಿಮ್ಯಾಲ ಲಿಂಗ ಅದ. ಆ ಎದಿಮ್ಯಾಲೇ ಇಂವ ಬೆತ್ತ ಹೊಡದಾನ. ಅವತ್ತು ನೀ ಎಲ್ಲಿದ್ದಿ? ನಾನೂ ಎಲ್ಲಿದ್ನೋ ಏನೋ. ಈಗ ಬಂದೀನಿ.”

ಕುಂಕುಮದವನು ಅಂಬೂಬಾಯಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಏನೂ ಹೇಳದಿರುವುದೇ ಲೇಸೆಂದು ತೀರ್ಮಾನಿಸಿದ. ಆದರೂ ಅವಳು ಬಿಡಲಿಲ್ಲ. “ನೀವೂ ಏನರೆ ಅನ್ರಿ. ಇಷ್ಟು ದೊಡ್ಡ ನಾಮ ಇಟ್ಟೀರಿ, ಅದರ ಹಿಂದ ಏನರೆ ಇರಬೇಕಲ್ಲ.”

ತಾಯಂದಿರು ಮಕ್ಕಳು ಸೇರಿ ಆರು ಜನವೂ ನಡೆದೇ ಪೊಲೀಸ್ ಠಾಣೆಗೆ ಹೋದರು. ಖಾಲಿದನ ಕಣ್ಣು ಇನ್ನೂ ಸರಿಯಾಗಿ ತೆರೆದಿರಲಿಲ್ಲ. ಸಂತೋಷಕುಮಾರ ಅವನ ಕೈ ಹಿಡಿದು ನಡೆಸಿದ. ಬಜಾರದವರು ನೋಡಿದರು. ನೋಡಲಿ ಎಂದು ಗುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. ಮೂವರು ತಾಯಂದಿರೂ ದೂರು ಕೊಟ್ಟರು, ಕೇಸಾಯಿತು. ಬೋರ್ಡು ಇಳಿಯಿತು. ಮಂಗೇಶ ಜಾಮೀನಿನ ಮೇಲೆ ಹೊರಬಂದು ಗಡಿ ದಾಟಿ ಮಹಾರಾಷ್ಟ್ರದ ಯಾವುದೋ ಊರಿಗೆ ಹೋದನಂತೆ. ಅಲ್ಲಿ ಗೋಡೆಗೆ ಇನ್ನೂ ಎರಡು ದೇವರ ಪಟ ಹೆಚ್ಚಿಗೆ ಹಾಕಿರಬೇಕು, ಎಂದಳು ಅಂಬೂಬಾಯಿ.

ಖಾಲಿದನಿಗೆ ಮಾತ್ರ ಮನೆ ತಪ್ಪಿತು. ಗಂಜದಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದು ಮಕ್ಬೂಲ ಮಗನಿಗೆ ಬಾಗಿಲು ಹಾಕಿದ. ಖುರ್ಷಿದ ಬೇಗಂ ಫೋನು ಮಾಡಿ ಅತ್ತಳು. ಅಳುವುದನ್ನು ಕೇಳುವ ಸಹನೆ ಅಂಬೂಬಾಯಿಗೆ ಇರಲಿಲ್ಲ. “ಅಂಗಡಿ ಮಾಳಿಗಿ ಖಾಲಿ ಬಿದ್ದದ, ಕಳಸ್ರಿ” ಎಂದು ಫೋನಿಟ್ಟಳು.

ಹಾಗೆ ಖಾಲಿದ ಭಾಲ್ಕಿಗೆ ಬಂದ. ಅಂಥ ಕೆಟ್ಟ ವ್ಯಾಪಾರಿಯನ್ನು ಅವಳು ಕಂಡಿರಲಿಲ್ಲ. ಬಣ್ಣ ಬಿಡುವ ಸೀರೆಯನ್ನು ಬಣ್ಣ ಬಿಡುತ್ತದೆ ಎಂದೇ ಹೇಳುತ್ತಿದ್ದ. ಚಹಾ ಮಾತ್ರ ಚೆನ್ನಾಗಿ ಮಾಡುತ್ತಿದ್ದ.

ಸುದ್ದಿ ಮುಟ್ಟಿದ ಮೇಲೆ ಭಾಲಚಂದ್ರ ಬಂದ. ಅಂದು ಖುರ್ಷಿದ ಬೇಗಂ ಮಗನನ್ನು ನೋಡಲು ಬಂದಿದ್ದಳು, ಗುಂಡಮ್ಮ ಸಂತೆಗೆಂದು ಬಂದವಳು ಅಂಗಡಿಯಲ್ಲೇ ಕೂತಿದ್ದಳು. ಖಾಲಿದ ತಂದಿಟ್ಟ ಚಹಾವನ್ನು ಭಾವ ಯಾರು ತಂದರೆಂದು ನೋಡದೆ ಕುಡಿಯುತ್ತ, ತನ್ನ ಭಾಷಣ ಶುರುಮಾಡಿದ. “ಮಗಳು ಹಂಗಾದಳು. ಈಗ ಮುಸಲರ ಹುಡುಗನ್ನ ತಂದು ಇಟಗೊಂಡೀಯಂತ. ಅಂವನೂ ಅಂಥಾವನೇ ಅಂತ. ನಮ್ಮ ಮನೆತನದ ಮಾನ…”

“ಚಹಾ ಹ್ಯಾಂಗದ ಭಾವ?”

“ಛಲೋ ಅದ. ಯಾಕ?”

“ಆ ಹುಡುಗನೇ ಮಾಡಿದ್ದು.”

ಭಾಲಚಂದ್ರ ಕಪ್ಪಿನಲ್ಲಿ ಹಲ್ಲಿ ಕಂಡವನಂತೆ ಅದನ್ನು ಕೆಳಗಿಟ್ಟ. ಗುಂಡಮ್ಮ ಅದನ್ನು ಎತ್ತಿ, ಉಳಿದಿದ್ದನ್ನು ಬಾಗಿಲಾಚೆ ಚೆಲ್ಲಿ, ಅವನ ಕಡೆ ಬೆನ್ನು ಹಾಕಿ ಕೂತಳು. ಖುರ್ಷಿದ ಬೇಗಂ, “ಹೋಗಿ ಬರ್ರಿ ಭಾಯಿಸಾಬ್” ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಇನ್ನು ಮುಂದೆ ಮದುವೆ ಮುಂಜಿಗೆ ಕರೆಯುವುದಿಲ್ಲ ಎಂದು ಅವನು ಮೆಟ್ಟಿಲ ಮೇಲೆ ನಿಂತು ಕೂಗಿದ. ಅಂಬೂಬಾಯಿ ಸೀರೆ ಮಡಚುತ್ತಿದ್ದಳು, ಕತ್ತೆತ್ತಲಿಲ್ಲ.

ಚಿದ್ರಿಯ ಮನೆಗೆ ಅವಳು ಹೋದದ್ದು ಇದೆಲ್ಲ ಆದ ಮೇಲೆ, ಪೂನಮ ಕರೆದಾಗ. ಬಾಗಿಲು ತೆರೆದವಳು ಶರ್ವರಿ. ಒಳಗೆ ಬರ್ರಿ ಎಂದಳು, ನಗಲಿಲ್ಲ. ಪೂನಮ ಮೊಸರು ತರಲು ಅಂಗಡಿಗೆ ಹೋದಾಗ ರೊಟ್ಟಿ ಬಡಿಯುತ್ತಲೇ ಹೇಳಿದಳು:

“ಆಕಿ ನಿಮಗ ಮಾಫ್ ಮಾಡ್ಯಾಳ. ನಾ ಮಾಡಿಲ್ಲ. ಆ ಬೆಂಚಿನ ಮ್ಯಾಲ ಆಕಿನ್ನ ಕೂಡಸಿದವ್ರು ನೀವೇ. ಒಳಗ ಮೊದಲು ಆಕಿ ಹೋಗಿದ್ರ ಏನು ಮಾಡ್ತಿದ್ರಿ?”

ಅಂಬೂಬಾಯಿ ಹುಡುಗಿಯ ಕಣ್ಣಲ್ಲಿದ್ದ ತಾತ್ಸಾರವನ್ನು ನೋಡಿದಳು. ಅದು ತನಗೆ ಸಲ್ಲಬೇಕಾದದ್ದೇ ಎನಿಸಿತು. ಎದುರಿಗೆ ನಿಂತು ಹೀಗೆ ಹೇಳುವವಳು ಮಗಳ ಜೊತೆಗಿದ್ದಾಳಲ್ಲ ಎಂದು ಒಳಗೊಳಗೆ ಸಮಾಧಾನವೂ ಆಯಿತು.

“ಗೊತ್ತಿಲ್ಲವ್ವಾ” ಎಂದಳು.

ಶರ್ವರಿ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮಗುಚಿದಳು. ಆಮೇಲೆ ಹಂಚಿನಿಂದ ರೊಟ್ಟಿ ತೆಗೆದು, ಕೇಳದೆಯೇ ಅವಳ ತಾಟಿಗೆ ಹಾಕಿದಳು.