ಮಾದರಿ ಪಾಠದ ಮಗಳು

ಶಿಬಿರದ ಎರಡನೆಯ ದಿನ ಬೆಳಿಗ್ಗೆ ವಿಭಾಗದ ಮೆಟ್ಟಿಲು ಹತ್ತುವಷ್ಟರಲ್ಲೇ ಮೇಷ್ಟ್ರಿಗೆ ಸುಸ್ತಾಗಿತ್ತು. ಇನ್ನೂ ಪಾಠ ಶುರುವಾಗಿರಲಿಲ್ಲ, ಬಾಯಿ ಬಿಟ್ಟು ಒಂದು ಮಾತಾಡಿರಲಿಲ್ಲ, ಆದರೂ ಸುಸ್ತು. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬೆನ್ನುನೋವು, ಇವರಿಗೆ ಇದು. ಡಾಕ್ಟರಿಗೆ ತೋರಿಸಿದಾಗ, ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಇದೆ ಎಂದು ಹೇಳಿ ಕಳಿಸಿದ್ದರು. ಎಲ್ಲ ಸರಿಯಾಗಿದ್ದೂ ಹೀಗಾದರೆ ಇನ್ನು ಮುಂದೇನು ಎಂದು ಮೇಷ್ಟ್ರು ಮತ್ತಷ್ಟು ಸುಸ್ತಾಗಿ ಮನೆಗೆ ಬಂದಿದ್ದರು.

ಭಾಷಾ ವಿಭಾಗ ವರ್ಷಕ್ಕೊಮ್ಮೆ ಈ ಶಿಬಿರ ನಡೆಸುತ್ತದೆ. ಶಾಲೆ ಮುಗಿಸುವ ಹಂತದಲ್ಲಿರುವ ಮಕ್ಕಳಲ್ಲಿ ಭಾಷೆ, ಸಾಹಿತ್ಯದ ಕಡೆ ಒಲವಿದ್ದವರನ್ನು ಕರೆಸಿ, ಮೂರು ದಿನ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇರಿಸಿಕೊಂಡು, ಊಟ ಹಾಕಿ, ಗ್ರಂಥಾಲಯ ಸುತ್ತಿಸಿ, ನಾಲ್ಕಾರು ಪಾಠ ಕೇಳಿಸಿ ಕಳಿಸುತ್ತಾರೆ. ದ್ರಾಕ್ಷಿ ಮಾರುವವನು ‘ಒಂದು ಬಾಯಿಗೆ ಹಾಕ್ಕೊಂಡು ನೋಡಿ’ ಅನ್ನುತ್ತಾನಲ್ಲ, ಅದೇ ವ್ಯಾಪಾರ. ಗೊಂಚಲಿನಲ್ಲಿ ಸಿಹಿಯಾಗಿರುವುದನ್ನೇ ಹುಡುಕಿ ಕಿತ್ತು ಕೊಡಬೇಕು. ಈ ವಿಭಾಗದ ಮಟ್ಟಿಗೆ ಆ ಸಿಹಿ ಹಣ್ಣು ಎಂದರೆ ಮೇಷ್ಟ್ರ ಮಾದರಿ ಪಾಠ. ಎಷ್ಟೋ ವರ್ಷಗಳಿಂದ ಅದೇ ಪದ್ಯ, ಅದೇ ಮಾತು, ಅದೇ ಜಾಗದಲ್ಲಿ ಅದೇ ನಿಲುಗಡೆ. ವಾಕ್ಯದ ನಡುವೆ ತಟ್ಟನೆ ನಿಂತು, ಕಿಟಕಿಯ ಕಡೆ ನೋಡಿ, ಮತ್ತೆ ಮುಂದುವರಿಸುವುದು ಅವರ ಕ್ರಮ. ಅದಕ್ಕೇ ವಿದ್ಯಾರ್ಥಿಗಳು ಅವರಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಅದು ಕಲೆಯೆಂದು ಅವರೆಲ್ಲ ತಿಳಿದಿದ್ದರು. ಮೊದಮೊದಲು ಕಲೆಯೇ ಆಗಿತ್ತು, ಈಚೆಗೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು.

ಬಾಗಿಲಲ್ಲೇ ವಿಭಾಗದ ಮುಖ್ಯಸ್ಥೆ ಸಿಕ್ಕರು. “ಸರ್, ಸ್ವಲ್ಪ ನಗ್ತಾ ಇರಿ. ಈ ಸಲಾನೂ ಮಕ್ಕಳು ಬರ್ಲಿಲ್ಲ ಅಂದ್ರೆ ನಮ್ಮನ್ನ ತಗೊಂಡು ಹೋಗಿ ಪಕ್ಕದ ವಿಭಾಗಕ್ಕೆ ಗಂಟು ಹಾಕ್ತಾರೆ,” ಅಂದರು. ಮೇಷ್ಟ್ರು ನಕ್ಕರು. “ಇನ್ನೂ ಸ್ವಲ್ಪ,” ಅಂದರು ಮುಖ್ಯಸ್ಥೆ.

ಮನೆಯಲ್ಲಿ ಮೇಷ್ಟ್ರು ನಗುವುದಿರಲಿ, ಬಾಯಿ ಬಿಡುವುದೇ ಅಪರೂಪ. ಎಲ್ಲದಕ್ಕೂ ಒಂದೇ ಉತ್ತರ, ‘ಹೂಂ’. ಗ್ಯಾಸ್ ಮುಗಿದಿದೆ, ಹೂಂ. ನೆಂಟರು ಬರುತ್ತಾರಂತೆ, ಹೂಂ. ಅವರ ಹೆಂಡತಿಗೆ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ. ಡಾಕ್ಟರುಗಳ ಕೈಬರಹವನ್ನೇ ಓದಿ ಅರ್ಥಮಾಡಿಕೊಳ್ಳುವ ಹೆಂಗಸು ಗಂಡನ ಹೂಂಗಳನ್ನೂ ಅರ್ಥಮಾಡಿಕೊಂಡು ಸಂಸಾರ ತೂಗಿಸುತ್ತಿದ್ದರು. ಒಬ್ಬಳೇ ಮಗಳು. ಅವಳು ಒಂದು ದಿನ ಊಟದ ಹೊತ್ತಿನಲ್ಲಿ, “ಅಪ್ಪಾ, ನಾನು ಸಾಹಿತ್ಯ ತಗೊಳ್ಳಲಾ?” ಎಂದು ಕೇಳಿದ್ದಳು. ಮೇಷ್ಟ್ರು ತಟ್ಟೆಯಿಂದ ತಲೆಯೆತ್ತದೆ, “ಬೇಡ. ಕಾಮರ್ಸ್ ತಗೋ,” ಅಂದಿದ್ದರು. ಆ ತಿಂಗಳು ಅವರು ಮಗಳೊಂದಿಗೆ ಆಡಿದ ಅತಿ ಉದ್ದದ ಮಾತು ಅದು. ಮಗಳು ಮತ್ತೆ ಆ ವಿಷಯ ಎತ್ತಿರಲಿಲ್ಲ. ನಿನ್ನೆಯಿಂದ ಅವಳು ಮನೆಯಲ್ಲಿರಲಿಲ್ಲ. ಶಾಲೆಯಿಂದ ಯಾವುದೋ ಶಿಬಿರಕ್ಕೆ ಹೋಗುವ ವಿಷಯ ಹೆಂಡತಿ ಹೇಳಿದ್ದರು, ಇವರು ಹೂಂ ಅಂದಿದ್ದರು.

ತರಗತಿಯಲ್ಲಿ ಬೆಂಚು ಪೂರ್ತಿ ತುಂಬಿರಲಿಲ್ಲ, ತೀರಾ ಖಾಲಿಯೂ ಇರಲಿಲ್ಲ. ಮೇಷ್ಟ್ರು ಎಂದಿನಂತೆ ಹಾಳೆಗಳನ್ನು ಮುಂದಿನ ಬೆಂಚಿಗೆ ಕೊಟ್ಟು ಹಿಂದಕ್ಕೆ ಹಂಚಿಸಿದರು. ಅದರಲ್ಲಿ ದೂರದ ಯಾವುದೋ ಭಾಷೆಯ ನಾಲ್ಕು ಸಾಲಿನ ಪದ್ಯ, ಕೆಳಗೆ ಒಂದೊಂದು ಪದಕ್ಕೂ ಅರ್ಥ. ಇಬ್ಬಿಬ್ಬರು ಸೇರಿಕೊಂಡು ಅದನ್ನು ಕನ್ನಡಕ್ಕೆ ತರಬೇಕು. ಮಕ್ಕಳು ಗುಸುಗುಸು ಶುರುಮಾಡಿದೊಡನೆ ಮೇಷ್ಟ್ರು ಅವರಿಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತರು. ಕೆಳಗೆ ಮಾಲಿ ಪೈಪು ಹಿಡಿದು ಸುಮ್ಮನೆ ನಿಂತಿದ್ದ. ಅವನ ಕೆಲಸ ವಾಸಿ ಅನ್ನಿಸಿತು. ಆಮೇಲೆ ಕೆಲವರು ತಮ್ಮ ಅನುವಾದ ಓದಿದರು, ಇವರು ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿಕೊಂಡು ಕೇಳಿ, “ಚೆನ್ನಾಗಿದೆ, ಚೆನ್ನಾಗಿದೆ,” ಅಂದರು. ಕೊನೆಗೆ ತಮ್ಮ ಅನುವಾದ ಹೇಳಿದರು:

ದಾರಿಗೂ ದಣಿವಾಗಿದೆ,
ಬಾಗಿಲ ಬಳಿ ಬಂದು ಮಲಗಿದೆ.
ಎಬ್ಬಿಸಬೇಡ.
ನಾಳೆ ಅದು ನಮ್ಮನ್ನು ಹೊರಬೇಕು.

“ಇದನ್ನ ನಾನು ಯಾಕೆ ಅನುವಾದ ಮಾಡ್ದೆ ಗೊತ್ತಾ?” ಎಂದು ಮೇಷ್ಟ್ರು ದನಿ ತಗ್ಗಿಸಿದರು. ಇನ್ನು ಮುಂದಿನದು ತಾನಾಗಿ ಹರಿಯುವ ನೀರು, ಅವರು ನಲ್ಲಿ ತಿರುಗಿಸಿದರೆ ಸಾಕು. “ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಒಂದು ಸಂಜೆ ಕೆಂಡದಂಥ ಜ್ವರ. ಔಷಧಿ ಹಾಕಿದ್ವಿ, ಬಟ್ಟೆ ಒದ್ದೆ ಮಾಡಿ ಇಟ್ವಿ, ಏನು ಮಾಡಿದ್ರೂ ನಿದ್ದೆ ಇಲ್ಲ. ‘ಅಪ್ಪಾ, ಏನಾದ್ರೂ ಹೇಳು’ ಅಂದ್ಲು. ನನಗೆ ಕಥೆ ಬರಲ್ಲ. ಹಣೆ ಮೇಲೆ ಕೈ ಇಟ್ಟೆ, ಬಾಯಿಗೆ ಬಂದಿದ್ದು ಈ ಪದ್ಯ...”

ಅಷ್ಟರಲ್ಲಿ ಮೂರನೆಯ ಸಾಲಿನ ಎತ್ತರದ ಹುಡುಗ ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದ. ಅವನ ಬೆನ್ನ ಹಿಂದೆ ಒಬ್ಬಳು ಹುಡುಗಿ, ಗಲ್ಲಕ್ಕೆ ಮುಷ್ಟಿ ಕೊಟ್ಟು ಕೂತಿದ್ದಳು. ಹಾಗೆ ಕೂರುವವರು ಜಗತ್ತಿನಲ್ಲಿ ಇಬ್ಬರೇ, ಒಬ್ಬರು ಔಷಧಿ ಕೌಂಟರಿನಲ್ಲಿದ್ದರು. ಮೇಷ್ಟ್ರು ಕನ್ನಡಕ ಕಣ್ಣಿಗೆ ಇಳಿಸಿದರು. ಮಗಳು ಅವರನ್ನೇ ನೋಡುತ್ತಿದ್ದಳು.

ಮೇಷ್ಟ್ರು ನಿಂತುಬಿಟ್ಟರು. ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುಖ್ಯಸ್ಥೆ, ಈ ಸಲದ ನಿಲುಗಡೆ ಎಂದಿಗಿಂತ ಸೊಗಸಾಗಿದೆ ಎಂದು ತಲೆದೂಗಿದರು. ಅರ್ಧಕ್ಕೆ ನಿಲ್ಲಿಸಲು ದಾರಿಯಿರಲಿಲ್ಲ. ಮೇಷ್ಟ್ರು ಗೋಡೆಯನ್ನು ನೋಡಿಕೊಂಡು, ಪದ್ಯ ಹೇಳಿದ್ದನ್ನೂ ನಾಲ್ಕನೆಯ ಸಾಲಿಗೆ ಮಗಳು ನಿದ್ದೆ ಹೋದದ್ದನ್ನೂ ಬೆಳಿಗ್ಗೆ ಜ್ವರ ಇಳಿದದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಮಗಳ ಪಕ್ಕದಲ್ಲಿದ್ದ ಕನ್ನಡಕದ ಹುಡುಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮಗಳ ಮುಖದಲ್ಲಿ ಏನೂ ಇರಲಿಲ್ಲ. ಏನಾದರೂ ಇದ್ದಿದ್ದರೆ ಮೇಷ್ಟ್ರಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮಧ್ಯಾಹ್ನ ಭೇಟಿಯ ಹೊತ್ತು. ಶಿಬಿರದ ಮಕ್ಕಳು ಒಬ್ಬೊಬ್ಬರಾಗಿ ತಮಗಿಷ್ಟವಾದ ಅಧ್ಯಾಪಕರ ಕೋಣೆಗೆ ಬಂದು ಹತ್ತು ನಿಮಿಷ ಏನು ಬೇಕಾದರೂ ಕೇಳಬಹುದು, ಅಧ್ಯಾಪಕರು ನೇರವಾಗಿ ಉತ್ತರ ಹೇಳಬೇಕು. ಮೇಷ್ಟ್ರ ಕೋಣೆಯಲ್ಲಿ ಎರಡು ಕುರ್ಚಿ, ಒಂದರ ಗಿಡ್ಡ ಕಾಲಿಗೆ ರಟ್ಟು ಮಡಿಸಿ ಕೊಟ್ಟಿತ್ತು. ಮೇಜಿನ ಮೇಲೆ ದಾರ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟುಗಳು. ಮೊದಲು ಬಂದ ಹುಡುಗ ಮುಂದೆ ಕೆಲಸ ಸಿಗುತ್ತದಾ ಎಂದು ಕೇಳಿದ. ಎರಡನೆಯವನು ತಾನು ಬರೆದ ಪದ್ಯ ಓದಿದ. ಮೂರನೆಯ ಸಲ ಬಾಗಿಲು ಬಡಿದ ಸದ್ದಿಗೇ ಮೇಷ್ಟ್ರಿಗೆ ಯಾರೆಂದು ಗೊತ್ತಾಯಿತು.

“ಬರಬಹುದಾ ಸರ್?”

ಮಗಳು ರಟ್ಟಿನ ಕಾಲಿನ ಕುರ್ಚಿಯಲ್ಲಿ ಕೂತಳು. ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆಯಾಗದೆ ಅವಳ ಕಣ್ಣುಗಳು ಕೆಂಪಗಿದ್ದವು.

“ನೀನು ಇಲ್ಲಿ...” ಅಂದರು ಮೇಷ್ಟ್ರು.

“ಅಮ್ಮ ಹೇಳಿದಾಗ ನೀವು ಹೂಂ ಅಂದ್ರಿ. ನಾನು ಬಾಗಿಲ ಹಿಂದೇನೇ ಇದ್ದೆ.”

“ಮನೆಗೆ ಹೋಗಿ ಮಾತಾಡೋಣ.”

“ಮನೇಲಿ ನೀವು ಮಾತಾಡಲ್ಲ ಸರ್. ಇಲ್ಲಾದ್ರೆ ಹತ್ತು ನಿಮಿಷ ಮಾತಾಡ್ಲೇಬೇಕು, ನಿಯಮ ಇದೆ. ಅದಕ್ಕೇ ಬಂದೆ.” ಮಗಳು ಕೈ ಕಟ್ಟಿಕೊಂಡಳು. “ಒಂದೇ ಪ್ರಶ್ನೆ. ಬೆಳಿಗ್ಗೆ ಹೇಳಿದ್ದು ನಿಜಾನಾ?”

ಮೇಷ್ಟ್ರು ಉತ್ತರಪತ್ರಿಕೆಯ ಕಟ್ಟೊಂದನ್ನು ಸರಿಸಿದರು, ಮತ್ತೆ ಅಲ್ಲಿಗೇ ತಂದಿಟ್ಟರು.

“ಊಟದ ಹೊತ್ತಲ್ಲಿ ಅಮ್ಮನಿಗೆ ಫೋನ್ ಮಾಡಿದ್ದೆ,” ಅಂದಳು ಮಗಳು. “ನಂಗೆ ನಾಲ್ಕು ವರ್ಷದಲ್ಲಿ ಜೋರು ಜ್ವರ ಬಂದಿತ್ತಾ ಅಂದೆ. ಬಂದಿತ್ತು ಅಂದ್ಲು. ಅಪ್ಪ ಪದ್ಯ ಹೇಳಿ ಮಲಗಿಸಿದ್ರಾ ಅಂದೆ. ‘ಯಾರು, ನಿಮ್ಮಪ್ಪನಾ?’ ಅಂತ ನಗೋಕೆ ಶುರು ಮಾಡಿದ್ಲು. ಕೌಂಟರಲ್ಲಿ ಜನ ಕಾಯ್ತಿದ್ದಾರೆ, ಉಳಿದಿದ್ದು ಆಮೇಲೆ ನಗ್ತೀನಿ ಅಂತ ಇಟ್ಬಿಟ್ಲು.”

ಮೇಷ್ಟ್ರಿಗೂ ನಗು ಬರುವುದರಲ್ಲಿತ್ತು. ಮಗಳ ಮುಖ ನೋಡಿ ನುಂಗಿಕೊಂಡರು.

“ಆದ್ರೆ ನೀವು ಹೇಳ್ತಾ ಇರುವಾಗ ನನಗೆ ನೆನಪಾಯ್ತು, ಗೊತ್ತಾ? ಹಣೆ ಮೇಲೆ ನಿಮ್ಮ ಕೈ ಇದ್ದಿದ್ದು. ಅಷ್ಟು ಚೆನ್ನಾಗಿ ಹೇಳಿದ್ರಿ. ಅಮ್ಮ ನಕ್ಕ ಮೇಲೆ ಯಾವುದನ್ನ ನಂಬೋದು ಅಂತ ಗೊತ್ತಾಗ್ಲಿಲ್ಲ.” ಮಗಳು ಮೇಜಿನ ಕಡೆ ಬಗ್ಗಿದಳು. “ಅದು ನಿಜ ಆದ್ರೆ ನಾನು ಇಲ್ಲೇ ಸೇರ್ತೀನಿ, ಯಾರು ಬೇಡ ಅಂದ್ರೂ ಕೇಳಲ್ಲ. ಸುಳ್ಳಾದ್ರೆ ಇಲ್ಲಿ ಹೇಳೋದೆಲ್ಲ ಸುಳ್ಳು. ನೀವು ಹೇಳಿದ ಹಾಗೆ ಕಾಮರ್ಸ್ ತಗೊಳ್ತೀನಿ. ಹೇಳಿ ಸರ್.”

ನೋಡಿ, ಹೇಗೆ ಸಿಕ್ಕಿಕೊಂಡರು ಮೇಷ್ಟ್ರು. ‘ಸುಳ್ಳು’ ಎಂದು ಒಂದು ಮಾತು ಹೇಳಿದರೆ ಮುಗಿಯಿತು, ಮಗಳು ತಾವು ಬಯಸಿದ ದಾರಿಗೆ ತಾನಾಗಿ ಹೋಗುತ್ತಾಳೆ. ಆದರೆ ಅವಳ ಪಾಲಿಗೆ ಅಪ್ಪ ಜೀವನವಿಡೀ ಸುಳ್ಳುಗಾರ. ‘ನಿಜ, ನಿಮ್ಮಮ್ಮ ಮರೆತಿದ್ದಾಳೆ’ ಎಂದರೆ ಮಗಳು ನಂಬುತ್ತಾಳೆ, ನಂಬಲೆಂದೇ ಬಂದು ಕೂತಿದ್ದಾಳೆ. ಹಣೆಯ ಮೇಲೆ ಕೈಯಿಟ್ಟ ಅಪ್ಪನಾಗಿ ಉಳಿಯಬಹುದು. ಅದು ಎಷ್ಟು ಸುಲಭವಿತ್ತೆಂದರೆ ಮೇಷ್ಟ್ರಿಗೆ ಅಳು ಬಂತು. ಈ ಸಲದ ಅಲ್ಪವಿರಾಮ ಯಾವ ಕಲೆಯೂ ಅಲ್ಲ, ಸುಸ್ತೂ ಅಲ್ಲ.

“ಸುಳ್ಳು,” ಅಂದರು.

ಮಗಳು ಎದ್ದಳು. “ಆಯ್ತು. ಕಾಮರ್ಸ್.”

“ಕೂತ್ಕೋ. ಇನ್ನೂ ಹತ್ತು ನಿಮಿಷ ಆಗಿಲ್ಲ.” ಇದು ಪಾಠದ ದನಿಯಲ್ಲ, ಒಣಗಿದ ದನಿ. ಮಗಳು ಕೂತಳು. “ಜ್ವರ ಬಂದಿದ್ದು ನಿಜ. ನಾನು ನಿನ್ನ ಪಕ್ಕ ಕೂತಿದ್ದೂ ನಿಜ. ತೊಡೆ ಮೇಲೆ ಇಂಥದ್ದೇ ಒಂದು ಕಟ್ಟು ಇತ್ತು, ಬೆಳಿಗ್ಗೆಗೆ ತಿದ್ದಿ ಕೊಡ್ಬೇಕಿತ್ತು. ನೀನು ‘ಅಪ್ಪಾ, ಏನಾದ್ರೂ ಹೇಳು’ ಅಂದೆ. ನಾನು ‘ಇದೊಂದು ಮುಗಿಸ್ತೀನಿ, ತಾಳು’ ಅಂದೆ. ಪದ್ಯ ಬಾಯಲ್ಲೇ ಇತ್ತು. ಅದೊಂದು ಮುಗಿಸಿ, ಇನ್ನೊಂದು ಮುಗಿಸಿ, ತಲೆ ಎತ್ತಿ ನೋಡಿದ್ರೆ ನೀನು ನಿದ್ದೆ ಹೋಗಿದ್ದೆ.”

“ಮತ್ತೆ?”

“ಆ ವರ್ಷದ ಶಿಬಿರದಲ್ಲಿ, ಮಗಳಿಗೆ ಹೇಳಬೇಕು ಅಂತಿದ್ದೆ, ಆಗ್ಲಿಲ್ಲ ಅಂತ ಹೇಳಿದೆ. ಮಾರನೇ ವರ್ಷ, ಹೇಳಿದೆ ಅಂದೆ. ಹಾಗಂದ್ರೆ ಮಕ್ಕಳು ಅಳ್ತಿದ್ರು. ಆಮೇಲಾಮೇಲೆ ನನಗೂ ಹಾಗೇ ಆಗಿತ್ತೇನೋ ಅನ್ನಿಸ್ತಾ ಬಂತು.” ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇರೋ ಮಾತೆಲ್ಲ ಇಲ್ಲೇ ಖಾಲಿ ಆಗುತ್ತೆ. ಮನೆಗೆ ಬರೋ ಹೊತ್ತಿಗೆ ಏನೂ ಉಳಿದಿರಲ್ಲ. ನೀನೂ ಹೀಗಾಗೋದು ಬೇಡ ಅಂತಾನೇ ಬೇಡ ಅಂದಿದ್ದು.”

“ನಮಗೆ ಅಂತ ಒಂದಿಷ್ಟು ಉಳಿಸ್ಬೇಕು ಅನ್ನಿಸ್ಲೇ ಇಲ್ವಾ?”

“ಅನ್ನಿಸ್ತಿತ್ತು. ಸುಸ್ತಾಗಿರ್ತಿತ್ತು.”

ಮಗಳು ಒಂದು ಕಟ್ಟು ಎಳೆದುಕೊಂಡು ಅದರ ಮೇಲೆ ಕೆನ್ನೆ ಇಟ್ಟು, ಕಣ್ಣು ಮುಚ್ಚಿದಳು.

“ಈಗ ಹೇಳು,” ಅಂದಳು. ಸರ್ ಹೋಗಿತ್ತು, ನೀವು ಹೋಗಿತ್ತು.

“ಏನು?”

“ಪದ್ಯ. ನಂಗೆ ಜ್ವರ ಬಂದಿದೆ ಅಂದ್ಕೋ.”

ಎಷ್ಟೋ ತರಗತಿಗಳನ್ನು ಅಳಿಸಿದ್ದ ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕೆಮ್ಮಿದರು. “ದಾರಿಗೂ ದಣಿವಾಗಿದೆ,” ಅಂದರು. “ಬಾಗಿಲ ಬಳಿ ಬಂದು ಮಲಗಿದೆ.” ಅಲ್ಲಿಗೆ ನಿಂತರು. ಮುಂದಿನ ಸಾಲು ಬರಲಿಲ್ಲ. ಕನಸಿನಲ್ಲಿ ಕೇಳಿದರೂ ತಪ್ಪದ ಸಾಲು ಮಗಳ ಮುಂದೆ ಕೈಕೊಟ್ಟಿತು. ಕಿಟಕಿಯ ಕಡೆ ನೋಡಿದರು, ಅಲ್ಲೂ ಇರಲಿಲ್ಲ.

“ಎಲ್ಲಿಗೆ ಅಂತ ಕೇಳಬೇಡ,” ಅಂದಳು ಮಗಳು, ಕಣ್ಣು ತೆರೆಯದೆ.

“ಅದು ಹಾಗಲ್ಲ...”

“ನಾವು ಹಾಗೆ ಮಾಡಿದ್ವಿ. ನಾನೂ ನನ್ನ ರೂಮಿನವಳೂ. ನೀನು ಕಿಟಕಿ ನೋಡ್ತಾ ನಿಂತಿದ್ದೆ.”

ಮೇಷ್ಟ್ರು ಆ ಸಾಲನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡರು. ತಮ್ಮದಕ್ಕಿಂತ ಚೆನ್ನಾಗಿದೆ ಅನ್ನಿಸಿತು. ಅನ್ನಿಸಿ ಸಂಕಟವಾಯಿತು, ಸಂತೋಷವೂ ಆಯಿತು. “ಎಲ್ಲಿಗೆ ಅಂತ ಕೇಳಬೇಡ,” ಅಂದರು. “ನಾಳೆ ಅದು ನಮ್ಮನ್ನು ಹೊರಬೇಕು.”

ಮಗಳು ಕೆನ್ನೆಯನ್ನು ಕಟ್ಟಿನ ಮೇಲೆ ಸರಿಮಾಡಿಕೊಂಡಳು. ಹಾಗಾದರೆ ಇಲ್ಲಿಗೋ, ಕಾಮರ್ಸಿಗೋ ಎಂಬ ಪ್ರಶ್ನೆ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಕೊಟ್ಟ ಸಾಲು ಇನ್ನೂ ಅವರ ಬಾಯಲ್ಲೇ ಇತ್ತು. ಅವರು ಕೇಳಲಿಲ್ಲ. ಅವಳ ಉಸಿರು ನಿಧಾನವಾಗುತ್ತಾ ಹೋಯಿತು.

ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಬೆಳಿಗ್ಗೆ ಕಣ್ಣೊರೆಸಿಕೊಂಡಿದ್ದ ಕನ್ನಡಕದ ಹುಡುಗಿ ಇಣುಕಿದಳು. “ಸರ್, ಈಗ ನನ್ನ ಸರದಿ...”

“ಸ್ವಲ್ಪ ತಡಿಯಮ್ಮ,” ಎಂದರು ಮೇಷ್ಟ್ರು ಪಿಸುದನಿಯಲ್ಲಿ. “ಮಗಳು ಮಲಗಿದ್ದಾಳೆ.”

ಹುಡುಗಿ ಮೇಜಿನ ಮೇಲಿದ್ದ ತಲೆಯನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ಮತ್ತೆ ತಲೆಯನ್ನು ನೋಡಿದಳು. “ಇವಳಾ?” ಅಂದಳು. ಆಮೇಲೆ ಗಾಬರಿಯಾಗಿ, “ಜ್ವರ ಏನಾದ್ರೂ ಬಂದಿದ್ಯಾ ಸರ್?” ಎಂದಳು.

ಮೇಷ್ಟ್ರು ಮಗಳ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು.

“ಇಲ್ಲ,” ಅಂದರು. ಆದರೂ ಕೈ ತೆಗೆಯಲಿಲ್ಲ.