ತಲುಪುವವರೆಗೂ

ನಾಲ್ವರು ಹೆಗಲು ಕೊಟ್ಟು ಅಪ್ಪನ ಚಟ್ಟ ಎತ್ತಿದ್ದರು. ಇನ್ನೇನು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಮಗಳ ಕೈಯಲ್ಲಿದ್ದ ಮೊಬೈಲು ಗುಂಯ್‌ಗುಟ್ಟಿತು. ನಿನ್ನೆ ಬೆಳಿಗ್ಗೆಯಿಂದ ಆಫ್ ಆಗಿದ್ದ ಅದನ್ನು, ಹೊರಟ ಸುದ್ದಿ ನೆಂಟರಿಗೆ ತಿಳಿಸಲೆಂದು ಈಗಷ್ಟೇ ಆನ್ ಮಾಡಿದ್ದಳು. ಪರದೆಯ ಮೇಲೆ ‘ಅಪ್ಪನ ಡಬ್ಬಿ’ ಎಂಬ ಹೆಸರು. ಕೆಳಗೆ ಎರಡೇ ಮಾತು: ಮೇಲೆ ಬಾ.

“ಏನೇ ಅದು?” ಎಂದು ಬಗ್ಗಿ ನೋಡಿದ ಅಮ್ಮ ಬಾಯಿಗೆ ಅಂಗೈ ಒತ್ತಿಕೊಂಡಳು. “ಅಯ್ಯೋ, ಹೋದವರು ಕರೆದ್ರೆ ಓಗೊಡಬಾರ್ದು. ಆಫ್ ಮಾಡು ಮೊದ್ಲು!”

“ಹೆದರ್ಬೇಡಿ ಅತ್ತಿಗೆ,” ಎಂದ ಕಂಬದಣ್ಣ. ಸತ್ತವನ ಜೊತೆ ಇಪ್ಪತ್ತು ವರ್ಷ ಮೊಬೈಲ್ ಟವರ್ ಹತ್ತಿದವನು. “ತಾರಸಿ ಮೇಲೊಂದು ಡಬ್ಬಿ ಇಟ್ಟಿದ್ದಾನಲ್ಲ, ಅದರ ಕಿತಾಪತಿ. ಉತ್ತರ ಬರೋವರೆಗೂ ಕಳಿಸ್ತಾನೇ ಇರುತ್ತೆ. ಸಿಗ್ನಲ್ ಕೆಟ್ಟಂಗೆಲ್ಲ ಮೊದಲಿನ ಮಾತು ಕತ್ತರಿಸುತ್ತೆ, ಕೊನೇದಾದ್ರೂ ತಲುಪ್ಲಿ ಅಂತ. ಪೂರ್ತಿ ಏನಿತ್ತೋ ನಾ ಕಾಣೆ.”

ಮಗಳಿಗೆ ಗೊತ್ತಿತ್ತು.

*

ಊರಿಗೆಲ್ಲ ಅಪ್ಪ ಕಡ್ಡಿ ಸಾಹೇಬ. ಮದುವೆಮನೆಯಲ್ಲೂ ‘ಚೆನ್ನಾಗಿದ್ದೀರಾ’ ಎನ್ನುವ ಮೊದಲು “ನಿಮ್ಮ ಫೋನಲ್ಲಿ ಎಷ್ಟು ಕಡ್ಡಿ ಇದೆ?” ಎನ್ನುತ್ತಿದ್ದ. ಸಿಗ್ನಲ್ಲಿನ ಆ ನಾಲ್ಕು ಕಡ್ಡಿಗಳಿಗೆ ಜೀವ ತೇದವನು ನಿವೃತ್ತನಾದರೂ ಬಿಡಲಿಲ್ಲ. ತಾರಸಿಯಲ್ಲಿ ಆಂಟೆನಾ ನಿಲ್ಲಿಸಿ, ಅದರಿಂದ ಮನೆಯವರ ಫೋನಿಗೆ ಪರೀಕ್ಷೆಯ ಸಂದೇಶ ಕಳಿಸುವುದೇ ಕೆಲಸ. ‘ಕಿಟಕಿ ಮುಚ್ಚು.’ ‘ಟೀ ಆರಿತು.’ ಮುಚ್ಚಲು ಕಿಟಕಿಯೂ ಇರುತ್ತಿರಲಿಲ್ಲ, ಆರಲು ಟೀಯೂ ಇರುತ್ತಿರಲಿಲ್ಲ. ‘ಬಂತು’ ಎಂದು ಉತ್ತರಿಸದಿದ್ದರೆ ಅದೇ ಮತ್ತೆ ಮತ್ತೆ.

“ನನ್ನ ಪ್ರಾಣ ತಿನ್ಬೇಡಪ್ಪ,” ಎಂದು ಮಗಳು ಒಮ್ಮೆ ರೇಗಿದ್ದಳು.

“ಒಂದೇ ಸಲ ಕರೆದು ಸುಮ್ನಾಗೋದಾದ್ರೆ, ಕರೆಯೋದ್ಯಾಕೆ ಮಗಳೇ?” ಎಂದಿದ್ದ ಅವನು ನಗುತ್ತ.

ನಿನ್ನೆ ಬೆಳಿಗ್ಗೆ ಬಂದದ್ದು ಇಷ್ಟು: ‘ಮಗಳೇ, ಆಂಟೆನಾ ತಿರುಗಿಸಬೇಕು, ಏಣಿ ಹಿಡ್ಕೊಳ್ಳೋಕೆ ಮೇಲೆ ಬಾ.’ ಮೂರನೆಯ ಸಲ ಬಂದಾಗ “ಶುರುವಾಯ್ತು ಇವರದ್ದು” ಎಂದು ಫೋನ್ ಆಫ್ ಮಾಡಿದಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ದಬ್ಬೆಂದು ಸದ್ದಾಯಿತು. ಬೆಕ್ಕಿರಬೇಕೆಂದುಕೊಂಡಳು.

*

ಮಣ್ಣು ಮುಗಿಸಿ ಮನೆಗೆ ಬರುವಾಗ ಇಳಿಬಿಸಿಲು. ಫೋನು ಇನ್ನೂ ಗುಂಯ್‌ಗುಟ್ಟುತ್ತಿತ್ತು. ಈಗ ಒಂದೇ ಅಕ್ಷರ ಉಳಿದಿತ್ತು: ಬಾ.

“ನಾನೇ ಹೋಗಿ ವೈರು ಕಿತ್ತುಬಿಡ್ತೀನಿ, ನೀನು ಕೂತ್ಕೋ,” ಎಂದ ಕಂಬದಣ್ಣ.

“ಬೇಡ ಚಿಕ್ಕಪ್ಪ.”

“ಹಾಗಾದ್ರೆ ಏನಾದ್ರೂ ಒಂದು ಉತ್ತರ ಒತ್ತು. ಸುಮ್ನಾಗುತ್ತೆ.”

ಅದೇ ಅವಳ ಭಯ. ಒತ್ತಿದರೆ ಅಪ್ಪ ಇನ್ನು ಕರೆಯುವುದಿಲ್ಲ. ಒತ್ತದಿದ್ದರೆ ಕರೆಯುವುದನ್ನು ಬಿಡುವುದಿಲ್ಲ. ಎರಡನ್ನೂ ತಡೆಯಲಾರದೆ ಅವಳು ಮೆಟ್ಟಿಲು ಹತ್ತಿದಳು.

“ಹೋಗ್ಬೇಡ್ವೇ!” ಎಂದು ಅಮ್ಮ ಕೆಳಗಿನಿಂದ ಕೂಗಿದಳು.

ತಾರಸಿಯಲ್ಲಿ ಏಣಿ ಬಿದ್ದಲ್ಲೇ ಬಿದ್ದಿತ್ತು. ಆಂಟೆನಾ ಕತ್ತು ವಾಲಿಸಿಕೊಂಡು ಒಂದೇ ಬೋಲ್ಟಿಗೆ ನೇತಾಡುತ್ತಿತ್ತು. ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು. ಅವಳು ಏಣಿಯನ್ನು ಎತ್ತಿ ಆಂಟೆನಾದ ಕಂಬಕ್ಕೆ ಒರಗಿಸಿದಳು. ಫೋನು ತೆಗೆದು, ‘ಬಂದೆ ಅಪ್ಪ’ ಎಂದು ಕಳಿಸಿದಳು.

ದೀಪ ಆರಿತು.

ಅವಳು ಏಣಿಯ ಕೆಳಗಿನ ಮೆಟ್ಟಿಲಿಗೆ ಪಾದ ಒತ್ತಿ, ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದಳು. ತಲೆಯೆತ್ತಿ ನೋಡಲು ಧೈರ್ಯವಾಗಲಿಲ್ಲ.

“ಬಿಡೇ, ಯಾರಿದ್ದಾರೆ ಅಲ್ಲಿ,” ಎಂದು ಏದುಸಿರು ಬಿಡುತ್ತ ಹತ್ತಿ ಬಂದಳು ಅಮ್ಮ.

ಏಣಿ ಸಣ್ಣಗೆ ಅಲುಗಿತು. ಅಮ್ಮ ಬಂದು ಇನ್ನೊಂದು ಬದಿ ಹಿಡಿದುಕೊಂಡಳು.